ಹುಲ್ಲಿಗೆ ಹಾಕಿದ ಗಂಟು

ಈಗ ಒಂದು ದೃಷ್ಟಾಂತ ಹೇಳ್ತೀನಿ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ. ಕಂಬಕ್ಕೆ ಒರಗಿದವರು ನೆಟ್ಟಗೆ ಕೂತ್ಕೊಳ್ಳಿ. ಕಂಬ ಬೀಳೋದಿಲ್ಲ, ನೀವು ಹಿಡ್ಕೋಬೇಕಾಗಿಲ್ಲ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ. ಶ್ರೀಮಂತ ಅಂದ ತಕ್ಷಣ ಇವನು ಜಿಪುಣ ಅಂತ ನೀವಾಗಲೇ ತೀರ್ಮಾನ ಮಾಡಿಬಿಟ್ರಿ. ಇಲ್ಲ, ಒಳ್ಳೆಯವನೇ, ಕೈ ಬಿಚ್ಚಿ ಕೊಡೋನು. ಅವನಿಗೆ ಇದ್ದದ್ದು ಒಂದೇ ರೋಗ. ಯಾವುದು? ‘ನಾನೇ’. ಮನೆ? ನಾನೇ ಕಟ್ಟಿಸಿದ್ದು. ಬಾವಿಯಲ್ಲಿ ನೀರು? ನಾನೇ ಬರಿಸಿದ್ದು. ಹೆಂಡತಿ ಒಳ್ಳೆ ಸಾರು ಮಾಡಿದ್ರೆ? ಈಕೆಯನ್ನ ಆರಿಸಿದ್ದು ನಾನೇ! ನಗ್ತೀರಿ. ನಗಿ, ನಗಿ. ಆಮೇಲೆ ನಿಮ್ಮ ಕಡೆ ಬರ್ತೀನಿ.

ಡಾಕ್ಟರು ಅವನಿಗೆ ದಿನಾ ಬೆಳಿಗ್ಗೆ ನಡೀಬೇಕು ಅಂದ್ರು. ಊರಾಚೆ ಕುರುಚಲು ಕಾಡು, ಅಲ್ಲಿ ನಡೆಯೋಕೆ ಶುರು ಮಾಡಿದ. ಅಲ್ಲಿ ಆರು ಜನ ಸಿಕ್ಕಿದ್ರು, ಕೊರಳಲ್ಲಿ ದುರ್ಬೀನು, ಜೇಬಲ್ಲಿ ಪುಸ್ತಕ. ಹಕ್ಕಿ ನೋಡೋರು. ಅವರಿಗೆಲ್ಲ ಹಿರಿಯರು ಒಬ್ಬ ನಿವೃತ್ತ ಮೇಷ್ಟ್ರು. ನಮ್ಮ ಶ್ರೀಮಂತನೂ ಒಂದು ದುರ್ಬೀನು ತಂದ, ಸೇರ್ಕೊಂಡ.

ಆ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ನೋಡಿ, ಇದನ್ನ ಗಮನಿಸಿ, ಕಥೆ ಇದರ ಮೇಲೇ ನಿಂತಿದೆ. ‘ಅಗೋ ಅಲ್ಲಿ’ ಅಂತ ಇನ್ನೊಬ್ಬರು ಬೆರಳು ತೋರಿಸಿ ನೀವು ಹಕ್ಕಿ ನೋಡಿದ್ರೆ, ಅದನ್ನ ಸೀಸದ ಕಡ್ಡಿಯಲ್ಲಿ ಬರ್ಕೋಬೇಕು. ಯಾರೂ ತೋರಿಸದೆ, ಯಾರೂ ಹೇಳದೆ, ನೀವಾಗಿ ಹುಡುಕಿ ಕಂಡ್ರೆ ಮಾತ್ರ ಶಾಯಿ. ಅದಕ್ಕೆ ಪುಸ್ತಕದಲ್ಲಿ ಬೇರೆ ಪುಟ. ಆ ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರ್ತಿದ್ರು: ‘ನಾನೇ ಕಂಡದ್ದು’.

ಇಂಥ ಪುಟ ಸಿಕ್ಕಿದ್ದು ಯಾರಿಗೆ? ಈ ‘ನಾನೇ’ ರೋಗದವನಿಗೆ! ಬೆಂಕಿಗೆ ತುಪ್ಪ ಹೊಯ್ದ ಹಾಗಾಯ್ತು. ಆದರೆ ಏನು ಮಾಡ್ತೀರಿ, ಎರಡು ವರ್ಷ ಆದ್ರೂ ಅವನ ಶಾಯಿಯ ಪುಟ ಬೋಳು. ಕಾಗೆ ಗುಬ್ಬಿ ಆ ಪುಟಕ್ಕೆ ಸಲ್ಲೋದಿಲ್ಲ. ಉಳಿದದ್ದೆಲ್ಲ ಯಾರಾದರೂ ಬೆರಳು ತೋರಿಸಿದ್ದೇ. ಅವನಿಗೆ ಊಟ ಸೇರದು. ಕೊನೆಗೆ ಹಟ ತೊಟ್ಟ. ಬರೆದರೆ ನತ್ತಿಂಗವನ್ನೇ ಬರೀತೀನಿ!

ನತ್ತಿಂಗ ಗೊತ್ತಾ ನಿಮಗೆ? ಹಗಲೆಲ್ಲ ಬರೀ ನೆಲದ ಮೇಲೆ ಕೂತಿರೋ ಹಕ್ಕಿ. ಗೂಡಿಲ್ಲ, ಪೊಟರೆಯಿಲ್ಲ. ಮೈಯೆಲ್ಲ ತರಗೆಲೆಯ ಬಣ್ಣ, ಮಣ್ಣಿನ ಬಣ್ಣ. ಸಂಜೆ ಅದರ ಕೂಗು ಎಲ್ರೂ ಕೇಳಿದ್ದಾರೆ. ಹಗಲಲ್ಲಿ ಅದು ಕೂತದ್ದನ್ನ ಆ ಮೇಷ್ಟ್ರೇ ಕಂಡಿಲ್ಲ. ಎದುರಿಗೇ ಇರುತ್ತೆ, ಕಾಣೋದಿಲ್ಲ. ಹೀಗೆ ಎದುರಿಗೇ ಇದ್ದು ಕಾಣದೆ ಇರೋನು ಇನ್ನೊಬ್ಬ ಯಾರು, ಹೇಳಿ? ಆ, ಆಮೇಲೆ.

ಶಿವರಾತ್ರಿ ಕಳೆದಿತ್ತು. ಶ್ರೀಮಂತ ಒಬ್ಬನೇ ಹೊರಟ. ಹದಿನಾರು ದಿನ ಅದೇ ಕಾಡಿನಲ್ಲಿ, ಅದೇ ಕಾಲುದಾರಿಯಲ್ಲಿ ಓಡಾಡಿದ. ಏನೂ ಇಲ್ಲ. ಹದಿನೇಳನೇ ದಿನ ನೋಡ್ತಾನೆ, ಪೊರಕೆಗೆ ಅಂತ ಯಾರೋ ಸುತ್ತಲೂ ಹುಲ್ಲು ಕೊಯ್ದಿದ್ದಾರೆ. ನಡುವೆ ಮಾತ್ರ ಮಂಚದಗಲ ಜಾಗ ಹಾಗೇ ಬಿಟ್ಟಿದ್ದಾರೆ, ಕ್ಷೌರದವನು ಮರೆತು ಬಿಟ್ಟ ಹಾಗೆ. ಅದರ ಅಂಚಿನಲ್ಲಿ ಒಂದು ಹಿಡಿ ಹುಲ್ಲಿನ ತುದಿ ಸೇರಿಸಿ ಗಂಟು ಹಾಕಿದೆ. ‘ಸೋಮಾರಿಗಳು, ಅರ್ಧಕ್ಕೇ ಬಿಟ್ಟು ಹೋಗಿದ್ದಾರೆ’ ಅಂದ್ಕೊಂಡ. ಅಲ್ಲೇ ಬೋರೆ ಹಣ್ಣಿನ ಗಿಡದ ನೆರಳಲ್ಲಿ ಕುಕ್ಕರಿಸಿ, ಆ ಹುಲ್ಲಿನೊಳಗೆ ಸುಮ್ಮನೆ ನೋಡ್ತಾ ಕೂತ.

ಕಲ್ಲು. ತರಗೆಲೆ. ಮಣ್ಣು. ತರಗೆಲೆ. ಎಷ್ಟೋ ಹೊತ್ತು ಅಷ್ಟೇ. ಆಮೇಲೆ ಒಂದು ತರಗೆಲೆ ಉಸಿರಾಡಿತು.

ಅವನ ಉಸಿರು ನಿಂತಿತು. ಒಮ್ಮೆ ಕಂಡ ಮೇಲೆ ನೋಡಿ, ಎಲ್ಲ ಕಾಣ್ತಾ ಬಂತು. ಇದು ಬೆನ್ನು, ಇದು ಕೊಕ್ಕು, ಇದು ಮುಚ್ಚಿದ ರೆಪ್ಪೆ. ಆ ರೆಪ್ಪೆ ಒಂದು ಗೆರೆಯಷ್ಟು ತೆರೀತು. ಒಳಗೆ ಕಪ್ಪು ಕಣ್ಣು. ಅದು ಅವನನ್ನೇ ನೋಡ್ತಿತ್ತು. ಅಪ್ಪಾ! ಐವತ್ತೆಂಟು ವರ್ಷದ ಮನುಷ್ಯ, ಅವನಿಗೇ ಗೊತ್ತಿಲ್ಲದ ಹಾಗೆ ಕೈ ಮುಗಿದ. ಕಣ್ಣಲ್ಲಿ ನೀರು.

ಅಲ್ಲಿಗೇ ನಿಲ್ಲಿಸಿದ್ದರೆ ಗೆದ್ದಿದ್ದ. ನಿಲ್ಲಿಸ್ತಾನಾ? ಮುಗಿದ ಕೈ ಬಿಚ್ಚಿ ಪೆನ್ನು ತೆಗೆದ!

ಮಾರನೇ ದಿನ ಟೀ ಅಂಗಡಿಯ ಬೆಂಚಿನ ಮೇಲೆ ಪುಸ್ತಕ ಬಿಚ್ಚಿಟ್ಟ. ಮೇಷ್ಟ್ರು ಹೇಗೆ ಕಂಡ್ರಿ ಅಂತ ಕೇಳಿದ್ರು. ಇವನು ಎಲ್ಲ ಹೇಳ್ತಾ ಆ ಗಂಟಿನ ಮಾತೂ ಹೇಳಿದ. ಮೇಷ್ಟ್ರು ಟೀ ಲೋಟ ಕೆಳಗಿಟ್ರು. “ಗಂಟು ಹಾಕಿದ್ದು ಯಾರು? ಯಾಕೆ? ಅದು ತಿಳೀದೆ ಶಾಯಿ ಆಗೋದಿಲ್ಲ ಸಾವ್ಕಾರ್ರೇ.” ಸರಿ, ಎಲ್ರೂ ಹೊರಟ್ರು.

ಅಲ್ಲೊಬ್ಬ ಹೆಂಗಸು ಹುಲ್ಲು ಕೊಯ್ತಿದ್ದಳು. ಇವರು ಗಂಟಿನ ಕಡೆ ಹೋಗೋದು ನೋಡಿ ಕುಡುಗೋಲು ಹಿಡಿದೇ ಓಡಿ ಬಂದಳು. “ನಿಂತ್ಕೊಳ್ಳಿ! ಗಂಟು ಹಾಕಿವ್ನಿ, ಕಾಣಲ್ವಾ? ಹಕ್ಕಿ ಕಾವಿಗೆ ಕೂತೈತೆ. ಹಿಂದೆ ಬರೋರು ಸುತ್ಹಾಕ್ಕೊಂಡು ಹೋಗ್ಲಿ ಅಂತ ನಮ್ಮೋರು ಗಂಟು ಹಾಕ್ತಾರೆ.”

ಶ್ರೀಮಂತನ ಮುಖ ಇಳಿದು ಹೋಯ್ತು. ಮೇಷ್ಟ್ರು ಅಂದ್ರು, “ಬೆರಳೂ ಒಂದೇ, ಗಂಟೂ ಒಂದೇ. ಸೀಸದ ಕಡ್ಡಿ.” ಇನ್ನೊಬ್ಬ, “ಗಂಟಿನ ಅರ್ಥ ಇವರಿಗೆ ಗೊತ್ತೇ ಇರಲಿಲ್ಲವಲ್ಲ, ಶಾಯಿನೇ” ಅಂದ. ಜಗಳವೇ ಆಯ್ತು. ಕೊನೆಗೆ ಶ್ರೀಮಂತ ಅವಳನ್ನೇ ಕೇಳಿದ, “ನೀನೇ ಹೇಳಮ್ಮಾ. ಈ ಹಕ್ಕಿ ಕಂಡಿದ್ದು ಯಾರು? ನೀನಾ, ನಾನಾ?”

ಅವಳು ನಕ್ಕುಬಿಟ್ಟಳು. “ನಾನೆಲ್ಲಿ ಕಂಡೆ ಸಾವ್ಕಾರ್ರೇ? ಕುಡ್ಲು ಬೀಸ್ತಾ ಬಂದೆ. ಒಂದು ಗೇಣಿತ್ತು, ಅಷ್ಟೇಯ. ಅದು ಕಣ್ ಬಿಡ್ತು. ರೆಕ್ಕೆ ಐತೆ, ಹಾರೋಗ್ಬೋದಿತ್ತು. ಹಾರ್ಲಿಲ್ಲ. ಹೊಟ್ಟೆ ಕೆಳಗೆ ಎರಡು ಮೊಟ್ಟೆ. ಕುಡ್ಲು ಬಂದ್ರೆ ಬರ್ಲಿ ಅಂತ ನನ್ನೇ ನೋಡ್ತಾ ಕೂತಿತ್ತು. ಅದಾಗಿ ಅದು ನಂಗೆ ಕಾಣಿಸ್ಕೊಳ್ತು. ನಾನೇ ಕಂಡೆ ಅನ್ನಾಕೆ ನಂಗೆ ಬಾಯಿ ಬರಾಕಿಲ್ಲ.”

ಶ್ರೀಮಂತ ತಿರುಗಿ ಕಾಲುದಾರಿ ನೋಡಿದ. ನಾಲ್ಕು ಹೆಜ್ಜೆ ದೂರ. ಇಷ್ಟು ದಿನ ದುರ್ಬೀನು ತೂಗಾಡಿಸ್ತಾ ಅವನು ಹೋದದ್ದನ್ನೂ ಬಂದದ್ದನ್ನೂ ಅದು ನೋಡ್ತಾನೇ ಇತ್ತು! ಅವನು ಪುಸ್ತಕ ತೆಗೆದ. ಹಕ್ಕಿಯ ಹೆಸರು ಹೊಡೆದು ಹಾಕಲಿಲ್ಲ. ಪುಟದ ತಲೆಯ ಮೇಲಿದ್ದ ‘ನಾನೇ’ ಹೊಡೆದು ‘ನನಗೆ’ ಅಂತ ತಿದ್ದಿದ. ‘ನನಗೆ ಕಂಡದ್ದು’. ಮೇಷ್ಟ್ರು ಅದನ್ನ ಓದಿದ್ರು. ಮೂವತ್ತು ವರ್ಷದ ತಮ್ಮ ಪುಸ್ತಕ ಜೇಬಿನಿಂದ ತೆಗೆದು, “ಆ ಪೆನ್ನು ಸ್ವಲ್ಪ ಕೊಡಿ” ಅಂದ್ರು.

ನೋಡಿ, ನಮ್ಮ ಮಾತಿನಲ್ಲೇ ಇದೆ ಇದು. ‘ನನಗೆ ಕಾಣಿಸಿತು’ ಅಂತೀವಿ. ಕೆಲಸ ಮಾಡಿದ್ದು ಯಾರು? ಹಕ್ಕಿ! ಗುಡಿಗೆ ಹೋಗಿ ಬಂದವರು ಹಿಂದೆ ‘ದರ್ಶನ ಆಯ್ತು’ ಅಂತಿದ್ರು. ಈಗ? ‘ದರ್ಶನ ಮಾಡಿ ಮುಗಿಸಿದೆ’. ನೀವೇನ್ರೀ ಮುಗಿಸೋದು? ನೀವು ಸಾಲಿನಲ್ಲಿ ತಳ್ಳಾಡ್ತಿದ್ದಾಗ ಅವನು ಒಳಗಿಂದ ನಿಮ್ಮನ್ನ ನೋಡ್ತಾ ಕೂತಿದ್ದ.

ಹಾಗಾದ್ರೆ ಹುಡುಕಲೇಬಾರದಾ? ಹುಡುಕಿ. ಆ ಶ್ರೀಮಂತ ಹದಿನೇಳು ದಿನ ಹೋಗದೆ ಇದ್ದಿದ್ರೆ ಕಾಣ್ತಿತ್ತಾ? ನಡಿಗೆ ನಿಮ್ಮದು, ಕಾಣಿಸ್ಕೊಳ್ಳೋದು ದೇವರದು, ನಡುವೆ ಗಂಟು ಹಾಕಿದವರು ಯಾರೋ ಇದ್ದಾರೆ. ಅವರನ್ನ ಮರೀಬೇಡಿ. ನಾಳೆಯಿಂದ ಮನೆಯಲ್ಲಿ, ಅಂಗಡಿಯಲ್ಲಿ, ‘ನಾನೇ’ ಅನ್ನೋ ಮಾತು ನಾಲಿಗೆಗೆ ಬಂದಾಗ ಒಂದು ಗಳಿಗೆ ತಡೀರಿ. ಗಂಟು ಹಾಕಿದ್ದು ಯಾರು ಅಂತ ಕೇಳ್ಕೊಳ್ಳಿ. ಹೆಸರು ನೆನಪಾದ್ರೆ ಬಾಯಿ ಬಿಟ್ಟು ಹೇಳಿ.

ನಾಳೆ ಯಾಕೆ, ಈಗಲೇ ನೋಡೋಣ. ಇನ್ನೂರು ಜೊತೆ ಚಪ್ಪಲಿ ಹೊರಗಿದೆ. ಪ್ರವಚನ ಮುಗಿದ ಮೇಲೆ ಹೋಗ್ತೀರಿ, ನಿಮ್ಮ ಚಪ್ಪಲಿ ನಿಮಗೆ ಸಿಗುತ್ತೆ. ಯಾಕೆ ಸಿಗುತ್ತೆ? ಒಬ್ಬ ತಾಯಿ ವಾರವಾರವೂ ಬಂದು, ಒಳಗೆ ಕೂರದೆ, ಅದನ್ನೆಲ್ಲ ಜೋಡಿಸಿಡ್ತಾಳೆ. ಆರು ವರ್ಷ ಆಯ್ತು. ಆಕೆಯ ಹೆಸರು ಗೊತ್ತಿರೋರು ಕೈ ಎತ್ತಿ.

ಒಂದು ಕೈಯೂ ಇಲ್ಲ.

ನನ್ನ ಕೈಯೂ ಎದ್ದಿಲ್ಲ, ನೋಡಿದ್ರಾ? ಇಷ್ಟು ಹೊತ್ತು ನಿಮಗೆ ಹೇಳಿದವನು ನಾನು. ನೀವೆಲ್ಲ ಕೂತಿರಿ, ಏಳಬೇಡಿ. ಮೊದಲು ನಾನು ಹೊರಗೆ ಹೋಗಿ ಆ ತಾಯಿಯ ಹೆಸರು ಕೇಳ್ಕೊಂಡು ಬರ್ತೀನಿ. ಉಳಿದ ಪ್ರವಚನ ಆಮೇಲೆ.