ಕೆಳಗಿನ ರೂಮು

ಒಂದಾನೊಂದು ಊರಲ್ಲಿ ಅಕ್ಕತಂಗಿ ಇಬ್ಬರು ತಾಯಿಗೊಂದು ಮಾತು ಕೊಟ್ಟಿದ್ದರು. ಅಜ್ಜಿ ಹೇಳುತ್ತಿದ್ದ ಕಥೆ ಹೀಗೇ ಶುರುವಾಗುತ್ತಿತ್ತು. ಇವತ್ತು ಟ್ರಾವೆಲ್ಸ್ ಆಫೀಸಿನ ಸಾಲಿನಲ್ಲಿದ್ದ ಹುಡುಗಿಗೆ, ಮುಂದೆ ನಿಂತ ಇಬ್ಬರು ಹೆಂಗಸರ ಮಾತು ಕೇಳಿ, ಕಥೆಯ ಆ ಅಕ್ಕತಂಗಿಯರೇ ಇವರು ಅನ್ನಿಸಿತು.

"ನಾವು ಹೋಗೋ ಊರು ಕಾದ ಬಾಣಲೆಯಂತೆ ಕಣೇ. ಎ.ಸಿ. ರೂಮು ಬೇಡ್ವಾ?"

"ನಾವೇನು ಐಸ್‌ಕ್ರೀಮಾ ಅಕ್ಕ, ಕರಗೋಕೆ? ಫ್ಯಾನ್ ಸಾಕು. ನಾಟ್ಯಶಾಲೆ ಹತ್ರ ಇದ್ರೆ ಆಯ್ತು."

"ಅಮ್ಮನೂ ಅದನ್ನೇ ಅಂತಿದ್ಲು."

ಸರದಿ ಬಂತು. ತಂಗಿ ಕಿಟಕಿಗೆ ಬಗ್ಗಿದಳು. "ಎರಡು ದಿನಕ್ಕೆ ಒಂದು ಸಾದಾ ರೂಮು. ಕೆಳಗಡೇದೇ ಬೇಕು, ಮೆಟ್ಟಿಲು ಹತ್ತೋಕಾಗಲ್ಲ."

"ಕೆಳಗಡೆ ಕತ್ತಲೆ ಮೇಡಂ, ಮೇಲೆ ಒಳ್ಳೇ ಗಾಳಿ," ಎಂದ ಗುಮಾಸ್ತ. "ನೀವಿಬ್ರೇ ತಾನೆ? ಯಾರಿಗೆ ಕಾಲುನೋವು?"

ತಂಗಿ ಅಕ್ಕನತ್ತ ತಿರುಗಿದಳು.

"ಅಮ್ಮ ಹೋಗಿ ತಿಂಗಳಾಯ್ತಲ್ಲೇ," ಅಕ್ಕ ಮೆಲ್ಲಗೆ ಅಂದಳು. "ಇನ್ಯಾರ ಮಂಡಿಗೆ ಕೆಳಗಿನ ರೂಮು?"

"ಬಾಯಿಗೆ ಬಂದ್ಬಿಡ್ತಕ್ಕ. ಅಮ್ಮನಿಗೆ ನಾಟ್ಯಶಾಲೆ ತೋರಿಸ್ತೀವಿ ಅಂತ ಆರು ವರ್ಷದಿಂದ ಕೆಳಗಿನ ರೂಮನ್ನೇ ಕೇಳಿ ಕೇಳಿ, ಪ್ರತಿ ಸಲ ಮುಂದಿನ ವರ್ಷ ಹೋದ್ರಾಯ್ತು ಅಂತ ಬಿಟ್ವಲ್ಲ."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು ಕಿಟಕಿಯತ್ತ ತಿರುಗಿದಳು. "ಕೆಳಗಿನದೇ ಬರ್ಕೊಳ್ಳಿ. ಕತ್ತಲೆ ಇದ್ರೆ ಇರ್ಲಿ. ಅಮ್ಮನಿಗೆ ನಾವು ಮಾತು ಕೊಟ್ಟಿದ್ದು ಆ ರೂಮಿನದೇ."

ರಸೀದಿ ಕೈಗೆ ಬಂತು. ಆಫೀಸಿನ ಮೂರು ಮೆಟ್ಟಿಲನ್ನು ಅಕ್ಕತಂಗಿಯರು ನಿಧಾನವಾಗಿ, ನಡುವೆ ಒಬ್ಬರಿಗೆ ಜಾಗ ಬಿಟ್ಟೇ ಇಳಿದುಹೋದರು.