ಕಾಲಿನ ತುದಿಯ ತೇವ

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ನನ್ನ ದೊಡ್ಡಪ್ಪನ ಮಗನಿಗೇ ಆದದ್ದು. ಬಾಗಿಲು ಹಾಕಿ ಬನ್ನಿ, ಹೇಳುತ್ತೇನೆ.

ರಾತ್ರಿ ಹನ್ನೊಂದು ದಾಟಿತ್ತು. ಅಂಗಡಿಯಿಂದ ಅವನ ಮನೆಗೆ ಹೋಗುವ ದಾರಿಯಲ್ಲಿ ಒಂದು ಹಾಳು ಬಾವಿ ಇದೆ. ಅಣ್ಣ ಹೆಗಲಿಗೆ ಒಂದು ಸ್ಲೀಪಿಂಗ್ ಬ್ಯಾಗ್ ಏರಿಸಿಕೊಂಡು ಅತ್ತ ನಡೆಯುತ್ತಿದ್ದ. ಬರೀ ಎಂಟುನೂರು ಗ್ರಾಂ ತೂಕದ್ದು. ಆದರೆ ಹೆಗಲು ಕಳಚಿ ಬೀಳುವಷ್ಟು ಭಾರ... ಹಿಂದಿನಿಂದ ಟಪ್... ಟಪ್... ಅಂತ ಹನಿ ಬೀಳುವ ಸದ್ದು. ಮಳೆ ಬಂದು ತಿಂಗಳಾಗಿತ್ತು.

ಅದನ್ನು ಬಾವಿಗೆ ಎಸೆಯಲು ಹೊರಟಿದ್ದ. ಯಾಕೆ ಅಂತ ಹೇಳದಿದ್ದರೆ ನಿಮಗೆ ತಲೆಬುಡ ಗೊತ್ತಾಗುವುದಿಲ್ಲ.

ಬೆಟ್ಟ ಹತ್ತುವವರಿಗೆ ಟೆಂಟು, ಬೂಟು, ಮಲಗುವ ಚೀಲ ಎಲ್ಲ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಅವನಿಗೆ ಕೆಲಸ. ಏನೇ ಕೇಳಿದರೂ ಮೊದಲು ತೂಕ ಹೇಳುತ್ತಿದ್ದನಾದ್ದರಿಂದ ಮನೆಯವರೆಲ್ಲ ಅವನನ್ನು ಗ್ರಾಂ ಅಣ್ಣ ಅನ್ನುತ್ತಿದ್ದೆವು. ಬಾತುಕೋಳಿಯ ಪುಕ್ಕ ತುಂಬಿದ ಚೀಲ ಹಗುರ, ಒಣಗಿದ್ದರೆ ಒಳ್ಳೆ ಬೆಚ್ಚಗೆ. ಒದ್ದೆಯಾಯಿತೋ, ಪುಕ್ಕವೆಲ್ಲ ಮುದ್ದೆ ಕಟ್ಟಿ ತಣ್ಣಗಾಗಿಬಿಡುತ್ತದೆ. ಸಿಂಥೆಟಿಕ್ ತುಂಬಿದ್ದು ಅದರ ಎರಡರಷ್ಟು ಭಾರ, ಆದರೆ ನೆನೆದರೂ ಕೈಬಿಡುವುದಿಲ್ಲ. ಬಾಡಿಗೆಯಿಂದ ವಾಪಸು ಬಂದ ಪುಕ್ಕದ ಚೀಲವನ್ನು ಎರಡು ದಿನ ನೇತುಹಾಕಬೇಕು. ಆಮೇಲೆ ಅಂಗಿಯ ತೋಳು ಮಡಚಿ, ಭುಜದವರೆಗೆ ಕೈ ತೂರಿಸಿ, ಕಾಲಿಡುವ ತುದಿ ಮುಟ್ಟಿ ನೋಡಬೇಕು. ಕೊನೆಗೆ ಒಣಗುವುದು ಅದೇ. ಅದು ಆ ಅಂಗಡಿಯ ಕಟ್ಟಪ್ಪಣೆ.

ಒಂದು ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬಳು ನರ್ಸ್ ಬಂದಳು.

"ಬೆಟ್ಟದ ಮೇಲೆ ಚಳಿ, ಮಂಜು, ಎಲ್ಲಾ ತೇವ ಅಂತಾರೆ. ನಾನು ಜಾಸ್ತಿ ಭಾರ ಹೊರೋಳಲ್ಲ. ಯಾವುದು ತಗೊಳ್ಳಲಿ?"

ಸಿಂಥೆಟಿಕ್ ಅಟ್ಟದ ಮೇಲಿತ್ತು. ಏಣಿ ಹತ್ತಬೇಕಿತ್ತು. ಅಣ್ಣನಿಗೆ ಮೈಗಳ್ಳತನ. ಹಿಂದಿನ ದಿನವಷ್ಟೇ ವಾಪಸು ಬಂದಿದ್ದ ಪುಕ್ಕದ ಚೀಲವನ್ನೇ ಮುಂದಿಟ್ಟ.

"ಇದು ತಗೊಳ್ಳಿ. ಎಂಟುನೂರು ಗ್ರಾಂ."

"ಒಣಗಿದ್ಯಾ?"

"ಒಣಗಿದೆ."

ಕೈ ಹಾಕಿ ನೋಡಿರಲಿಲ್ಲ.

ಮೂರನೇ ಬೆಳಿಗ್ಗೆ ಬೆಟ್ಟದ ಮೇಲೆ ಜೊತೆಯವರು ಕೂಗಿದರೆ ಅವಳು ಏಳಲಿಲ್ಲ. ಚಳಿಗೆ ಸೆಟೆದುಹೋಗಿದ್ದಳು.

ವಾರ ಕಳೆದ ಮೇಲೆ ಅವಳ ಅಮ್ಮ ಚೀಲ ಹಿಡಿದು ಅಂಗಡಿಗೆ ಬಂದರು. ಬಟ್ಟೆ ಹೊಲಿದು ಮಗಳನ್ನು ಓದಿಸಿದವರು. ಬಾಡಿಗೆ ವಸ್ತು, ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತ ಅವರೇ ತಂದಿದ್ದರು. ಮೇಜಿನ ಮೇಲಿಟ್ಟು ಒಂದೇ ಮಾತು ಕೇಳಿದರು.

"ನೀವು ಕೊಟ್ಟಾಗ ಇದು ಒದ್ದೆ ಇತ್ತಾ ಅಪ್ಪ?"

ಯಜಮಾನರು ಪಕ್ಕದಲ್ಲೇ ನಿಂತಿದ್ದರು. ನಿಜ ಹೇಳಿದರೆ ಅವತ್ತೇ ಕೆಲಸ ಹೋಗುತ್ತಿತ್ತು.

"ಇಲ್ಲಮ್ಮ. ಅವರೇ ಎಲ್ಲೋ ನೆನೆಸ್ಕೊಂಡಿರಬೇಕು."

"ನನ್ನ ಮಗಳು ಛತ್ರಿನೂ ಒಣಗಿಸಿ ಮಡಚೋಳು..."

"ಬೆಟ್ಟದಲ್ಲಿ ಯಾರಿಗಾದ್ರೂ ತಪ್ಪುತ್ತೆ ಬಿಡಿ."

ಅವರು ತಲೆ ತಗ್ಗಿಸಿಕೊಂಡು ಹೋದರು. ನನ್ನ ಅಣ್ಣನೇ ಆದರೂ ಹೇಳುತ್ತೇನೆ, ಅವನಂಥ ಹೇಡಿಯನ್ನು ನಾನು ಕಂಡಿಲ್ಲ.

ಚೀಲವನ್ನು ಫ್ಯಾನಿನ ಕೆಳಗೆ ಎರಡು ವಾರ ನೇತುಹಾಕಿದ. ಮೇಲೆಲ್ಲ ಗರಿಗರಿಯಾಗಿ ಒಣಗಿತು. ಕಾಲಿನ ತುದಿ ಮಾತ್ರ... ತೊಟ್ಟಿಕ್ಕುತ್ತಲೇ ಇತ್ತು. ಅದಕ್ಕೇ ಅವತ್ತು ರಾತ್ರಿ ಬಾವಿಯ ದಾರಿ ಹಿಡಿದದ್ದು.

ಕಟ್ಟೆಯ ಮೇಲೆ ಚೀಲ ಇಳಿಸಿದ. ಇನ್ನೇನು ತಳ್ಳಬೇಕು...

ಸರ್ರ್... ಅಂತ ಜಿಪ್ಪು ತಾನಾಗಿ ಬಿಚ್ಚಿಕೊಂಡಿತು. ನಿಧಾನವಾಗಿ. ಒಂದೊಂದು ಹಲ್ಲೂ ಕೇಳುವ ಹಾಗೆ. ಒಳಗಿನಿಂದ ಕಟಕಟಕಟ... ಚಳಿಗೆ ದವಡೆ ಹೊಡೆದುಕೊಳ್ಳುವ ಸದ್ದು.

"ಕೈ ಹಾಕಿ ನೋಡಿ..."

ಓಡೋಣವೆಂದರೆ ಕಾಲು ಏಳಲಿಲ್ಲ. ಬಲಗೈ ಮಾತ್ರ ತನ್ನ ಪಾಡಿಗೆ ಒಳಗೆ ಹೋಯಿತು. ಮೊಣಕೈ... ಭುಜ... ಕಾಲಿನ ತುದಿಯಲ್ಲಿ ಐದು ಬೆರಳು ಅವನ ಮಣಿಕಟ್ಟು ಹಿಡಿದವು.

"ಅಮ್ಮನಿಗೆ ಹೇಳಿ."

"ಹೇಳ್ತೀನಿ ತಾಯಿ... ಬಿಡು."

"ಯಾವಾಗ?"

"ನಾಳೆ."

ಬೆರಳು ಸಡಿಲವಾದವು. ಕೈ ಕಿತ್ತುಕೊಂಡು ಚೀಲವನ್ನು ಒದ್ದ. ಅದು ಬಾವಿಗೆ ಬಿತ್ತು. ಬುಳುಂಕ್ ಅನ್ನುವ ಸದ್ದಿಗೆ ಕಾದ... ಕಾದ... ಬರಲೇ ಇಲ್ಲ.

ಮಾರನೆಯ ದಿನ ಹೋಗಿ ಹೇಳಿದನೇ? ಎಲ್ಲಿಂದ. ಬೆಳಕಾದೊಡನೆ ಹೆದರಿಕೆ ಇಳಿಯಿತು, ಕೆಲಸ ನೆನಪಾಯಿತು. ನಾಳೆ ನಾಳೆ ಅಂತ ಎಂಟು ದಿನ ತಳ್ಳಿದ. ಬಲಗೈ ಮಾತ್ರ ಭುಜದವರೆಗೆ ಒದ್ದೆ. ಒರೆಸಿದರೆ ಮತ್ತೆ ಒದ್ದೆ. ಬೆರಳ ತುದಿ ಸುಕ್ಕುಗಟ್ಟಿತು. ರಾತ್ರಿ ಆ ಚಳಿ ತಡೆಯಲಾರದೆ ಗೋಡೆಗೆ ಕೈ ಬಡಿದುಕೊಳ್ಳುತ್ತಿದ್ದ. ಒಂಬತ್ತನೇ ದಿನ ಕೆಲಸ ಹೋದರೆ ಹೋಗಲಿ ಅಂತ ಆ ಅಮ್ಮನ ಮನೆಗೆ ಹೋದ.

ಬೀಗ ಹಾಕಿತ್ತು. ಕಿಟಕಿಯಲ್ಲಿ ಇಣುಕಿದರೆ ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿತ್ತು. ಪಕ್ಕದ ಮನೆಯ ಹೆಂಗಸು ಹೊರಗೆ ಬಂದರು.

"ಮೊನ್ನೆ ರಾತ್ರಿ ಹೋಗ್ಬಿಟ್ರು. ಅನ್ನ ನೀರು ಬಿಟ್ಟಿದ್ರು ಪಾಪ. ಸಾಯೋವರೆಗೂ ಮಗಳನ್ನೇ ಬೈತಿದ್ರು. ಅಷ್ಟು ಹೇಳಿಕೊಟ್ಟಿದ್ದೆ, ನೆನೆಸ್ಕೊಂಡು ಸತ್ತಳಲ್ಲ ಅಂತ... ನೀವು ಯಾರು?"

ಇನ್ನು ಯಾರಿಗೆ ಹೇಳಬೇಕು? ಅಣ್ಣ ಹಾಗೇ ತಿರುಗಿ ಬಂದ.

ಹೋದ ವಾರ ನಾನು ಅವನ ಮನೆಯಲ್ಲಿದ್ದೆ. ಮಟಮಟ ಮಧ್ಯಾಹ್ನ, ಬೆವರು ಸುರಿಯುವ ಸೆಕೆ. ಊಟವಾದ ಮೇಲೆ ಅವನು ನೆಲಕ್ಕೆ ಹಾಸಿಕೊಂಡು ಮಲಗಿದ. ನಾಲ್ಕು ವರ್ಷದ ಮಗಳು ಅವನ ಬಲಕ್ಕೆ, ಒಂದು ಮಾರು ದೂರದಲ್ಲಿ, ಮುದುರಿಕೊಂಡು ಮಲಗಿದ್ದಳು. ಹತ್ತಿರ ಹೋಗಿ ಮಲಗು ಅಂದೆ. ಮಗು ನಿದ್ದೆಗಣ್ಣಿನಲ್ಲೇ ಗೊಣಗಿತು.

"ಜಾಗ ಇಲ್ಲ ಚಿಕ್ಕಪ್ಪ. ಆ ಆಂಟಿನ ಎಬ್ಬಿಸು... ನಂಗೆ ಚಳಿ."

ಅಣ್ಣನಿಗೆ ಎಚ್ಚರವಿತ್ತು. ಕಣ್ಣು ಬಿಡಲಿಲ್ಲ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಅವರೆದ್ದ ಮೇಲೆ ಹಾಸಿಗೆ ಸುತ್ತಿದವನು ನಾನು. ಅಪ್ಪ ಮಗಳ ನಡುವೆ, ಒಬ್ಬರು ಮಲಗುವಷ್ಟು ಅಗಲಕ್ಕೆ, ನೆಲ ಒದ್ದೆಯಾಗಿತ್ತು. ನಾನೇ ಬಟ್ಟೆ ತಂದು ಒರೆಸಿದೆ.