ಹಿಸುಕಿ ನೋಡುವ ಅಗುಳು

"ಸೀಸೆ ತೆಗಿ ಅಂದ್ರೆ ತೆಗೀಬೇಕು! ಇವರಿಗೆಲ್ಲ ಮೊದಲು ಚುಚ್ಚು. ಏನಾಗುತ್ತೋ ನೋಡ್ಕೊಂಡು ನಾನು ಬರ್ತೀನಿ."

"ಒಂದು ಸೀಸೆ ಹತ್ತು ಜನಕ್ಕೆ, ಯಜಮಾನ್ರೇ. ತೆಗೆದ್ಮೇಲೆ ಉಳಿದದ್ದು ಚೆಲ್ಲಬೇಕಾಗುತ್ತೆ. ಇಲ್ಲಿರೋದು ಒಂಬತ್ತೇ ಜನ. ನೀವು ಬಂದು ಕೂತ್ರೆ ತೆಗೀತೀನಿ."

ಶಾಲೆಯ ಅಂಗಳದಲ್ಲಿ ಜೀಪಿನಿಂದಿಳಿಯದೆ ಹೀಗೆ ಕೂಗಾಡುತ್ತಿದ್ದವನು ಆ ಊರಿನ ಶ್ರೀಮಂತ. ಉತ್ತರ ಕೊಟ್ಟವಳು ನರ್ಸ್. ಕಾಯಿಲೆಗೆ ಹೆದರಿ ದೇಶಕ್ಕೆ ದೇಶವೇ ಲಸಿಕೆಗೆ ಸಾಲು ನಿಂತಿದ್ದ ಕಾಲ ಅದು.

ಅವನು ಕೆಟ್ಟವನೇ? ಅಲ್ಲ, ನೋಡಿ, ತಲೆ ಕೆಟ್ಟವನು. ಟಿವಿ ಹಾಕಿಸಿಕೋ ಎಂದಿತ್ತು, ಮೊಬೈಲು ಬೇಡ ಎಂದಿತ್ತು. ಹಾಕಿಸಿಕೊಂಡ ಭಾವಮೈದುನ ಜ್ವರ ಬಂದು ಮಲಗಿದ್ದ, ಹಾಕಿಸಿಕೊಳ್ಳದ ಪಕ್ಕದ ಮನೆಯವನು ಮಸಣ ಸೇರಿದ್ದ. ಯಾವುದನ್ನು ನಂಬುವುದು? ಹೆದರಿಕೆ ಎಂದು ಹೇಳಲು ಬಾಯಿ ಬರಲಿಲ್ಲ, ಸಿಟ್ಟು ಬಂತು. ನಮಗೂ ಹಾಗೇ ಅಲ್ಲವೇ?

ಸಾಲಿನಲ್ಲಿ ಅವನ ಮನೆಯ ಅಡುಗೆಯವಳೂ ಇದ್ದಳು. ಮಗಳು ಬಸುರಿ. ಬಾಣಂತನಕ್ಕೆ ಹೋಗಿ ಹಸುಗೂಸನ್ನು ಎತ್ತಿಕೊಳ್ಳುವ ಮುಂಚೆ ಲಸಿಕೆ ಆಗಿಬಿಡಲಿ ಎಂದು ಬೆಳಗಿನಿಂದ ಕಾದಿದ್ದಳು. ಶ್ರೀಮಂತ ಅವಳತ್ತಲೇ ಬೆರಳು ತೋರಿಸಿದ.

"ಅವಳಿಗೇ ಮೊದಲು ಹಾಕು. ವಯಸ್ಸಾಗಿದೆ. ಹೆಚ್ಚುಕಡಿಮೆ ಆದ್ರೂ ಅಂಥಾ ನಷ್ಟ ಏನಿಲ್ಲ."

ಅವಳು ಎದ್ದು ನಿಂತಳು.

"ಹಾಕಿಸ್ಕೊಳ್ಳೋಕೇ ಬಂದೋಳು ನಾನು, ಧಣಿ. ಸೂಜಿಗೆ ಹೆದರೋಳಲ್ಲ. ಆದ್ರೆ ಅನ್ನ ಬೆಂದಿದೆಯಾ ಅಂತ ನೀವು ಹಿಸುಕಿ ನೋಡೋಕೆ ನಾನೇನು ಅಗುಳಾ? ಪಕ್ಕದೂರಲ್ಲೂ ಹಾಕ್ತಾರೆ, ಅಲ್ಲೇ ಹಾಕಿಸ್ಕೋತೀನಿ. ನಾಳೆಯಿಂದ ನಿಮ್ಮ ಅನ್ನ ನೀವೇ ಬೇಯಿಸ್ಕೊಳ್ಳಿ!"

ಸೆರಗು ಸೊಂಟಕ್ಕೆ ಸಿಕ್ಕಿಸಿ ನಡೆದೇಬಿಟ್ಟಳು.

ಆ ಮಾತು ಎಲ್ಲಿ ತಾಗಿತೋ, ಶ್ರೀಮಂತ ಜೀಪಿನಿಂದಿಳಿದ. ಅಂಗಿಯ ತೋಳು ಮಡಚಿ ಬೆಂಚಿನ ಮೇಲೆ ಕೂತ. "ತೆಗಿಯಮ್ಮಾ ಈಗ." ನರ್ಸ್ ಎಣಿಸಿದಳು. ಒಂಬತ್ತು! ತಾನು ಬಂದ ಮೇಲೂ ಒಂಬತ್ತು ಹೇಗೆ? ತಾನೇ ಎಣಿಸಿದ. ಮತ್ತೆ ಎಣಿಸಿದ. ಆಮೇಲೆ ಹೊಳೆಯಿತು. ಗೇಟಿನ ತನಕ ಓಡಿದ. "ಬಾರಮ್ಮಾ, ತಪ್ಪಾಯ್ತು ಬಾ" ಎಂದು ಕೂಗಿದ.

ನಾಳೆ ನಮ್ಮೂರಿನ ಶಾಲೆಗೂ ಅಂಥದೇ ಲಸಿಕೆ ಪೆಟ್ಟಿಗೆ ಬರುತ್ತದೆ. ಈ ಕತೆ ಕೇಳುತ್ತ ಮುಂದಿನ ಸಾಲಿನಲ್ಲಿ ಕೂತು ತಲೆಯಾಡಿಸುತ್ತಿದ್ದೀರಲ್ಲ, ನಿಮಗೇ ಹೇಳುತ್ತಿರುವುದು! ಅನುಮಾನವೇ? ನರ್ಸನ್ನು ಕೇಳಿ, ಡಾಕ್ಟರನ್ನು ಕೇಳಿ. ಕೇಳುವುದು ತಪ್ಪಲ್ಲ. ಸೊಸೆಯನ್ನೋ ಆಳನ್ನೋ ಮುಂದೆ ತಳ್ಳಿ, ಬದುಕುತ್ತಾರಾ ಎಂದು ಹಿಂದೆ ನಿಂತು ನೋಡುವುದು ತಪ್ಪು. ಯಜಮಾನ ಅನ್ನಿಸಿಕೊಂಡವನು ಮೊದಲು ತೋಳು ಮಡಚಲಿ. ಅಡುಗೆಯವಳು ಹೋಗುವ ಮುಂಚೆ ಮಡಚಲಿ, ಹೋದ ಮೇಲಲ್ಲ.

ಆ ಶ್ರೀಮಂತ ಗೇಟು ಹಿಡಿದು ರಸ್ತೆ ನೋಡುತ್ತಲೇ ಇದ್ದ. ನರ್ಸ್ ಸೀಸೆ ತೆಗೆಯದೆಯೇ ಪೆಟ್ಟಿಗೆ ಮುಚ್ಚಿದಳು. ಅಡುಗೆಯವಳು ತಿರುಗಿ ನೋಡಲಿಲ್ಲ. ಆವತ್ತೂ ಬರಲಿಲ್ಲ, ಆಮೇಲೂ ಬರಲಿಲ್ಲ.